ಅಪ್ಪನೊಡನೆ ಹಳೆಯ ಪಿಕಪ್ಪಿಗೆ ಮರುಜೀವ: ಕರಾವಳಿಯ ಗಾಡಿಗೊಂದು ಕೆಲಸದ ಕ್ರಮ

ಮಂಗಳೂರು, ಉಡುಪಿ ಕಡೆಯ ಹಳೆಯ ಪಿಕಪ್ ಗಾಡಿಯೊಂದು ಗುಜರಿಗೆ ಹೋಗುವ ದಿನವೂ ಅದರ ಡೀಸೆಲ್ ಎಂಜಿನ್ ಹೆಚ್ಚಾಗಿ ಇನ್ನೂ ಕೆಲವು ವರ್ಷ ದುಡಿಯುವ ಸ್ಥಿತಿಯಲ್ಲೇ ಇರುತ್ತದೆ. ಗಾಡಿಯನ್ನು ಮುಗಿಸುವುದು ತುಕ್ಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಕಡಲಿನ ಕಡೆಯಿಂದ ಬೀಸುವ ಉಪ್ಪು ಗಾಳಿ, ಗಾಡಿಯ ಭಾರ ಹೊರುವ ಉಕ್ಕಿನ ಚೌಕಟ್ಟಾದ ಚಾಸಿಯ ಸಂದುಗಳಲ್ಲಿ ಗಟ್ಟಿಯಾಗಿ ಕೂತು ತೇವವನ್ನು ಹಿಡಿದಿಟ್ಟುಕೊಳ್ಳುವ ಕೆಂಪು ಮಣ್ಣು, ಈ ಮೂರೂ ಸೇರಿ ಕಬ್ಬಿಣವನ್ನು ಒಳಗಿನಿಂದಲೇ ತಿಂದುಹಾಕುತ್ತವೆ. ಆದ್ದರಿಂದ ನಮ್ಮ ಕಡೆ ಹಳೆಯ ಪಿಕಪ್ಪನ್ನು ಸರಿಪಡಿಸಲು ಹೊರಡುವವರು ಚಾಸಿಯಿಂದ ಆರಂಭಿಸಬೇಕು, ಗಾಡಿ ಓಡುವ ಯೋಚನೆಗಿಂತ ಮೊದಲು ಅದು ನಿಲ್ಲುವ ಯೋಚನೆ ಮಾಡಬೇಕು, ಎಂಜಿನ್ನಿಗೆ ಮೂರನೆಯ ಸರದಿ ಕೊಡಬೇಕು, ಬಣ್ಣದ ಮಾತನ್ನು ಕಟ್ಟಕಡೆಗೆ ಇಟ್ಟುಕೊಳ್ಳಬೇಕು. ಉತ್ಸಾಹ ಹೆಚ್ಚಿದ ಮನೆಗಳಲ್ಲಿ ಈ ಕ್ರಮ ತಿರುಗುಮುರುಗಾಗುತ್ತದೆ. ಮೊದಲು ಎಂಜಿನ್ ಸ್ಟಾರ್ಟ್ ಮಾಡಿ, ಆಮೇಲೆ ಬಣ್ಣ ಬಳಿದು, ಎರಡನೆಯ ಮಳೆಗಾಲಕ್ಕೆ ಕ್ಯಾಬಿನ್ನಿನ ನೆಲ ಕಳಚಿ ಬೀಳುವುದನ್ನು ನೋಡುವ ಸ್ಥಿತಿ ಯಾರಿಗೂ ಬರಬಾರದು.

ನಾನು ಈ ಕೆಲಸವನ್ನು ಅಪ್ಪನ ಜೊತೆ ಸೇರಿ ಮಾಡಿದ್ದೇನೆ. ಅವರು ತೋಟದ ಅಡಿಕೆ, ತೆಂಗಿನಕಾಯಿ, ಗೊಬ್ಬರ ಸಾಗಿಸುತ್ತ ವರ್ಷಗಟ್ಟಲೆ ಆ ಗಾಡಿಯನ್ನು ಓಡಿಸಿದವರು. ಆದರೆ ಬಾನೆಟ್ ಎತ್ತಿ ಆಯಿಲ್ ಮತ್ತು ನೀರು ನೋಡುವುದರಿಂದಾಚೆಗೆ ರಿಪೇರಿಯ ಕೆಲಸಕ್ಕೆ ಕೈ ಹಚ್ಚಿದವರಲ್ಲ. ಮನೆಯಲ್ಲಿ ಇಂಥ ಗಾಡಿಯೊಂದು ನಿಂತಿದ್ದು, ತಂದೆಯೋ ತಾಯಿಯೋ ಜೊತೆಗಿದ್ದು, ಇಬ್ಬರಿಗೂ ಸ್ಪ್ಯಾನರ್ ಹಿಡಿದ ಅಭ್ಯಾಸ ಅಷ್ಟಾಗಿ ಇಲ್ಲದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವುದೆಲ್ಲ ಮಹೀಂದ್ರದ ಜೀಪ್ ಮೂತಿಯ ಪಿಕಪ್, ಹಳೆಯ ಟಾಟಾ 207 ಮುಂತಾದ, ಕಂಪ್ಯೂಟರಿನ ಹಂಗಿಲ್ಲದ ಡೀಸೆಲ್ ಗಾಡಿಗಳಿಗೆ ಸಂಬಂಧಿಸಿದ್ದು. ಹೊಸಬರಿಗೆ ಇವೇ ಅನುಕೂಲ. ಇವುಗಳಲ್ಲಿ ಏನು ಕೆಟ್ಟಿದೆ ಎಂಬುದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ, ಕೈಗೆ ಸಿಗುತ್ತದೆ.

ಕಾಗದ ಪತ್ರ

ಒಂದು ನಟ್ಟನ್ನೂ ಬಿಚ್ಚುವ ಮೊದಲು ಆರ್‌ಸಿಯನ್ನು, ಅಂದರೆ ನೋಂದಣಿ ಪತ್ರವನ್ನು, ತೆಗೆದು ನೋಡಬೇಕು. ಅದರಲ್ಲಿರುವ ಚಾಸಿ ನಂಬರು ಮತ್ತು ಎಂಜಿನ್ ನಂಬರು ಗಾಡಿಯ ಮೇಲೆ ಕೆತ್ತಿದ ನಂಬರುಗಳಿಗೆ ತಾಳೆಯಾಗಬೇಕು. ಚಾಸಿ ನಂಬರಿನ ಜಾಗದಲ್ಲಿ ತುಕ್ಕು ಮುಚ್ಚಿದ್ದರೆ ಅಲ್ಲಿ ಗ್ರೈಂಡರ್ ತಾಗಿಸಲೇಬಾರದು; ಡೀಸೆಲ್ಲಿನಲ್ಲಿ ನೆನೆಸಿದ ಬಟ್ಟೆಯಿಂದಲೂ ನೈಲಾನ್ ಬ್ರಷ್ಷಿನಿಂದಲೂ ನಿಧಾನವಾಗಿ ಉಜ್ಜಿ, ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಅಚ್ಚು ತೆಗೆದಿಟ್ಟುಕೊಳ್ಳಬೇಕು. ನಂಬರು ಅಳಿಸಿಹೋದ ಗಾಡಿಗೆ ಎಷ್ಟು ಖರ್ಚು ಮಾಡಿದರೂ ಅದು ರಸ್ತೆಗಿಳಿಯುವುದು ಕಷ್ಟ.

ಸ್ವಂತ ಬಳಕೆಯ ಗಾಡಿಯಾಗಿ ನೋಂದಣಿಯಾಗಿದ್ದರೆ ನೋಂದಣಿಯ ಅವಧಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಬಾಡಿಗೆಯ ಸರಕು ಗಾಡಿಯಾಗಿ ನೋಂದಣಿಯಾಗಿದ್ದರೆ ಎಂಟು ವರ್ಷ ದಾಟಿದ ಮೇಲೆ ಪ್ರತಿವರ್ಷವೂ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ಮಂಗಳೂರಿನ ಕೆಎ-19 ಆಗಲಿ, ಉಡುಪಿಯ ಕೆಎ-20 ಆಗಲಿ, ಪುತ್ತೂರಿನ ಕೆಎ-21 ಆಗಲಿ, ನಿಯಮ ಒಂದೇ. ನವೀಕರಣದ ಶುಲ್ಕ ಗಾಡಿಯ ವಯಸ್ಸಿಗೆ ತಕ್ಕಂತೆ ಏರುತ್ತದೆಯಾದ್ದರಿಂದ ಬಾಕಿ ತೆರಿಗೆ, ಶುಲ್ಕ, ದಂಡ ಇವನ್ನೆಲ್ಲ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಖರ್ಚಿನ ಪಟ್ಟಿಯ ಮೊದಲ ಸಾಲಿನಲ್ಲೇ ಬರೆದುಕೊಳ್ಳುವುದು ಒಳ್ಳೆಯದು. ಸಾಲ ತೀರಿ ಎಷ್ಟೋ ವರ್ಷಗಳಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಉಳಿದಿರುವುದುಂಟು. ಅದನ್ನು ತೆಗೆಸಲು ಬ್ಯಾಂಕಿನ ಪತ್ರದೊಂದಿಗೆ ಫಾರ್ಮ್ 35 ಕೊಡಬೇಕು. ಗಾಡಿ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಫಾರ್ಮ್ 31ರ ಮೂಲಕ ಹೆಸರು ವರ್ಗಾಯಿಸಬೇಕು. ಬಣ್ಣ ಬದಲಾಯಿಸುವ ಆಸೆಯಿದ್ದರೆ ಅದೂ ಆರ್‌ಸಿಯಲ್ಲಿ ದಾಖಲಾಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್, ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಮೂಲ ಬಣ್ಣವನ್ನೇ ಉಳಿಸಿಕೊಳ್ಳುವುದು ನನ್ನ ಸಲಹೆ. ಕಾಗದದ ಕೆಲಸವೂ ಕಡಿಮೆಯಾಗುತ್ತದೆ, ಅಪ್ಪನ ನೆನಪಿನಲ್ಲಿರುವ ಗಾಡಿಯೂ ಹಾಗೆಯೇ ಮರಳಿ ಬರುತ್ತದೆ.

ಕಾಲ, ಜಾಗ, ಆಯುಧ

ಕರಾವಳಿಯಲ್ಲಿ ಈ ಕೆಲಸಕ್ಕೆ ಇರುವುದು ಒಂದೇ ಕಾಲ. ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ಆರಂಭಿಸಿ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ, ಹೊರಗಿನ ಕೆಲಸವೆಲ್ಲ ಮುಗಿದಿರಬೇಕು. ಒಂದೇ ಋತುವಿನಲ್ಲಿ ಮುಗಿಯಲಾರದು ಎಂದು ಕಂಡರೆ, ಈ ವರ್ಷ ಚಾಸಿ ಮತ್ತು ಬ್ರೇಕು, ಮಳೆಗಾಲದಲ್ಲಿ ಸೂರಿನಡಿ ಕೂತು ಮಾಡುವ ಬಿಡಿಭಾಗಗಳ ಕೆಲಸ, ಮುಂದಿನ ವರ್ಷ ಎಂಜಿನ್ ಮತ್ತು ಬಾಡಿ ಎಂದು ಪಾಲು ಮಾಡಿಕೊಳ್ಳಬಹುದು. ತೆರೆದ ಕಬ್ಬಿಣಕ್ಕೆ ಪ್ರೈಮರ್ ಹಾಕದೆ ಮಳೆಗಾಲಕ್ಕೆ ಬಿಡುವುದು ಮಾತ್ರ ಕೂಡದು.

ತೋಟದ ಮನೆಯಲ್ಲಿ ಇನ್ನೊಂದು ತೊಡಕಿದೆ. ಗಾಡಿಯ ಕೆಲಸಕ್ಕೆ ಒಣ ಅಂಗಳ ಸಿಗುವ ಕಾಲಕ್ಕೇ ಅಡಿಕೆಯೂ ಒಣಗಲು ಅಂಗಳಕ್ಕೆ ಬರುತ್ತದೆ. ಗ್ರೈಂಡರಿನ ಕಬ್ಬಿಣದ ಪುಡಿ, ಡೀಸೆಲ್ಲಿನ ವಾಸನೆ, ಪ್ರೈಮರಿನ ಧೂಳು ಅಡಿಕೆಯ ಮೇಲೆ ಬೀಳಬಾರದು. ಆದ್ದರಿಂದ ಕೊಟ್ಟಿಗೆಯ ಪಕ್ಕದಲ್ಲೋ ಮನೆಯ ಹಿಂಬದಿಯಲ್ಲೋ ಶೀಟು ಹಾಕಿದ ಜಾಗವೊಂದನ್ನು ಗೊತ್ತು ಮಾಡಿಕೊಂಡು, ನೆಲ ಕಾಂಕ್ರೀಟಿನದಾಗಿರುವಂತೆ ನೋಡಿಕೊಳ್ಳಬೇಕು.

ನೆಲದ ವಿಷಯದಲ್ಲಿ ಹಟ ಹಿಡಿಯಲು ಕಾರಣವಿದೆ. ಗಾಡಿಯ ಅಡಿಗೆ ಹೋಗುವವರ ಜೀವ ಜಾಕಿನ ಮೇಲೂ ಸ್ಟ್ಯಾಂಡಿನ ಮೇಲೂ ನಿಂತಿರುತ್ತದೆ. ಜಾಕ್ ಇರುವುದು ಎತ್ತಲು ಮಾತ್ರ. ಎತ್ತಿದ ಗಾಡಿ ಸ್ಟ್ಯಾಂಡಿನ ಮೇಲೆ ಕೂತ ಮೇಲಷ್ಟೇ ಯಾರಾದರೂ ಅಡಿಗೆ ಹೋಗಬೇಕು. ಮನೆಯಲ್ಲಿ ಉಳಿದ ಕೆಂಪುಕಲ್ಲುಗಳನ್ನು ಪೇರಿಸಿ ಅದರ ಮೇಲೆ ಚಾಸಿ ಇಡುವ ರೂಢಿ ನಮ್ಮ ಕಡೆ ಬಹಳ ಇದೆ. ಗೋಡೆಯಲ್ಲಿ ನೂರು ವರ್ಷ ನಿಲ್ಲುವ ಆ ಕಲ್ಲು, ಚಾಸಿಯ ಅಂಚಿನ ಭಾರ ಒಂದೇ ಗೆರೆಯಲ್ಲಿ ಬಿದ್ದಾಗ ಸೂಚನೆಯೇ ಇಲ್ಲದೆ ಸೀಳುತ್ತದೆ. ಟೊಳ್ಳು ಸಿಮೆಂಟ್ ಬ್ಲಾಕಿನ ಕತೆಯೂ ಅದೇ. ಗಾಡಿಯ ಭಾರಕ್ಕೆ ತಕ್ಕ ನಾಲ್ಕು ಉಕ್ಕಿನ ಸ್ಟ್ಯಾಂಡುಗಳಿಗೆ ಹಾಕುವ ಹಣ ಈ ಕೆಲಸದ ಅತ್ಯುತ್ತಮ ಖರ್ಚು.

ಸ್ಪ್ಯಾನರುಗಳನ್ನು ಕೊಳ್ಳುವಾಗ ಗಮನಿಸಬೇಕಾದ ಸಂಗತಿಯೊಂದಿದೆ. ಮಹೀಂದ್ರ ಕಂಪೆನಿ 1947ರಿಂದ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸುತ್ತ ಬಂದದ್ದರಿಂದ, ಆ ವಂಶದ ಹಳೆಯ ಗಾಡಿಗಳಲ್ಲಿ ಇಂಚಿನ ಅಳತೆಯ ಬೋಲ್ಟುಗಳೂ ಮಿಲಿಮೀಟರ್ ಅಳತೆಯವೂ ಬೆರೆತುಕೊಂಡಿವೆ. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಕೂತಂತೆ ಕಂಡು, ಬಲ ಹಾಕಿದಾಗ ಜಾರಿ, ನಟ್ಟಿನ ಮೂಲೆಗಳನ್ನು ಸವೆಸಿಬಿಡುತ್ತದೆ. ಎರಡೂ ಅಳತೆಯ ರಿಂಗ್ ಸ್ಪ್ಯಾನರ್ ಸೆಟ್ಟು ಇಟ್ಟುಕೊಳ್ಳಿ. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬೆಳಗ್ಗೆ ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಬೇಕು; ಹೀಗೆ ಮಾಡಿದರೆ ಮುರಿಯುವ ಬೋಲ್ಟುಗಳ ಸಂಖ್ಯೆ ಬಹಳ ಕಡಿಮೆಯಾಗುತ್ತದೆ.

ಇನ್ನು ಇಬ್ಬರ ನಡುವಿನ ಕೆಲಸದ ಹಂಚಿಕೆ. ಗಾಡಿಯ ಅಡಿಯ ಕೆಲಸ ಕಿರಿಯರದು. ಮಂಡಿ ನೋವಿರುವ ಅರುವತ್ತು ದಾಟಿದವರನ್ನು ನೆಲದ ಮೇಲೆ ಮಲಗಿಸಬಾರದು. ಆದರೆ ಅವರನ್ನು ಟಾರ್ಚ್ ಹಿಡಿದು ನಿಲ್ಲುವ ಕೆಲಸಕ್ಕೆ ಮಾತ್ರ ಇಳಿಸುವುದೂ ತರವಲ್ಲ. ಚಕ್ರದ ಬ್ರೇಕನ್ನು ತಳ್ಳುವ ವೀಲ್ ಸಿಲಿಂಡರ್ ಬಿಚ್ಚಿ ಒರೆಸುವುದು, ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರಿನ ಬ್ರಷ್ ನೋಡುವುದು, ಬೋಲ್ಟುಗಳ ಮರೆ, ಅಂದರೆ ತಿರುಪಿನ ಗೆರೆಗಳನ್ನು ಶುಚಿ ಮಾಡುವುದು, ಇವೆಲ್ಲ ಮೇಜಿನ ಮುಂದೆ ಕೂತು ತಾಳ್ಮೆಯಿಂದ ಮಾಡುವ ಕೆಲಸಗಳು, ಮತ್ತು ತಾಳ್ಮೆ ಹಿರಿಯರಲ್ಲೇ ಹೆಚ್ಚು. ಲೆಕ್ಕದ ಪುಸ್ತಕವೂ ಅವರ ಕೈಯಲ್ಲೇ ಇರಲಿ. ಬಿಚ್ಚಿದ ಪ್ರತಿಯೊಂದು ಭಾಗದ ಫೋಟೊವನ್ನು ಮಕ್ಕಳು ಮೊಬೈಲಿನಲ್ಲಿ ತೆಗೆಯಲಿ. ಅದರ ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ, ಎಲ್ಲಿಯದು, ಎಷ್ಟು, ಯಾವ ದಿನ ಬಿಚ್ಚಿದ್ದು ಎಂದು ಅಪ್ಪ ಚೀಟಿ ಬರೆದು ಅಂಟಿಸಲಿ. ಫೋಟೊ ಮಾತ್ರ ಇದ್ದು ಚೀಟಿ ಇಲ್ಲದಿದ್ದರೆ ನಾಲ್ಕು ತಿಂಗಳ ನಂತರ ಜೋಡಿಸುವಾಗ ಒಂದೇ ಬಗೆಯ ಎರಡು ಬೋಲ್ಟುಗಳಲ್ಲಿ ಉದ್ದನೆಯದು ಎಲ್ಲಿಯದೆಂದು ತಿಳಿಯುವುದಿಲ್ಲ. ಒಂದು ಕೆಲಸಕ್ಕೆ ಒಬ್ಬರ ಮಾತೇ ಕೊನೆ ಎಂಬುದನ್ನು ಮೊದಲೇ ಒಪ್ಪಿಕೊಂಡಿದ್ದರೆ ಜಗಳವೂ ಆಗುವುದಿಲ್ಲ.

ತುಕ್ಕನ್ನು ಹುಡುಕುವುದು, ನಿಲ್ಲಿಸುವುದು

ಗಾಡಿಯನ್ನು ಮೊದಲು ಸರ್ವಿಸ್ ಸ್ಟೇಶನ್ನಿನ ಒತ್ತಡದ ನೀರಿನಲ್ಲಿ ಅಡಿಯಿಂದ ತೊಳೆಸಿ, ಎರಡು ಮೂರು ದಿನ ಬಿಸಿಲಿಗೆ ಒಣಗಿಸಿ. ಗಾಡಿ ಹಿಂದೊಮ್ಮೆ ಮೀನು ಸಾಗಿಸಿದ್ದರೆ ಒಂದು ಸಲ ತೊಳೆದದ್ದು ಸಾಲದು. ಮಲ್ಪೆಯಿಂದಲೋ ಮಂಗಳೂರು ಬಂದರಿನಿಂದಲೋ ಮಂಜುಗಡ್ಡೆಯೊಂದಿಗೆ ಮೀನು ತುಂಬಿ ಹೊರಟ ಗಾಡಿಯಲ್ಲಿ, ಕರಗಿದ ಉಪ್ಪು ನೀರು ಬಾಡಿಯ ಸಂದಿನಿಂದ ಇಳಿದು ಹಿಂಬದಿಯ ಅಡ್ಡಪಟ್ಟಿಗಳ ಮೇಲೂ ಚಾಸಿಯ ಒಳಗೂ ಸೇರಿರುತ್ತದೆ. ಉಪ್ಪಿನ ಗುಣವೇ ಅಪಾಯದ್ದು: ಅದು ಮಳೆಯಿಲ್ಲದ ದಿನವೂ ಗಾಳಿಯಿಂದ ತೇವವನ್ನು ಎಳೆದುಕೊಳ್ಳುತ್ತದೆ, ಆ ತೇವದಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವಂತೆ ಮಾಡಿ ತುಕ್ಕಿನ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಕಬ್ಬಿಣದ ಸಣ್ಣ ಗುಳಿಗಳಲ್ಲಿ ಉಪ್ಪು ಉಳಿದಿರುವಾಗ ಮೇಲೆ ಎಂಥ ದುಬಾರಿ ಪ್ರೈಮರ್ ಹಾಕಿದರೂ ವರ್ಷದೊಳಗೆ ಗುಳ್ಳೆ ಏಳುತ್ತದೆ. ಹಾಗಾಗಿ ಸಿಹಿನೀರಿನಲ್ಲಿ ತೊಳೆಯುವುದು, ಒಣಗಿಸುವುದು, ತುಕ್ಕು ಉಜ್ಜುವುದು, ಮತ್ತೆ ತೊಳೆಯುವುದು ಎಂದು ಈ ಹಂತವನ್ನು ಮರಳಿ ಮರಳಿ ಮಾಡಬೇಕು.

ಒಣಗಿದ ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಟಣ್ ಎಂದು ಮೊಳಗುತ್ತದೆ. ಒಳಗಿನಿಂದ ತಿಂದುಹೋದ ಜಾಗ ಡಬ್ ಎಂದು ಸತ್ತ ದನಿ ಕೊಡುತ್ತದೆ, ತಟ್ಟಿದೊಡನೆ ಎಲೆ ಎಲೆಯಾಗಿ ತುಕ್ಕಿನ ಪದರ ಉದುರುತ್ತದೆ. ನಾನು ಅಡಿಯಲ್ಲಿ ಮಲಗಿ ತಟ್ಟುತ್ತಿದ್ದಾಗ ಅಪ್ಪ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ದನಿಯನ್ನಷ್ಟೇ ಕೇಳಿ, “ಅಲ್ಲೇ ಇನ್ನೊಮ್ಮೆ ತಟ್ಟು, ಅಲ್ಲಿ ಬೇರೆ ದನಿ ಬಂತು” ಎನ್ನುತ್ತಿದ್ದರು. ವರ್ಷಗಟ್ಟಲೆ ಗಾಡಿ ಓಡಿಸಿದವರ ಕಿವಿಗೆ ಕಬ್ಬಿಣದ ದನಿಯಲ್ಲಿನ ವ್ಯತ್ಯಾಸ ನಮಗಿಂತ ಬೇಗ ತಿಳಿಯುತ್ತದೆ. ದನಿ ಸತ್ತ ಜಾಗವನ್ನು ಸ್ಕ್ರೂಡ್ರೈವರಿನಿಂದ ಬಲವಾಗಿ ಒತ್ತಿ ನೋಡಿ; ಮೊನೆ ಒಳಗೆ ಹೋದರೆ ಸೀಮೆಸುಣ್ಣದಿಂದ ಸುತ್ತು ಹಾಕಿ. ಪ್ಲೇಟುಗಳನ್ನು, ಅಂದರೆ ಲೀಫ್ ಸ್ಪ್ರಿಂಗುಗಳನ್ನು ಚಾಸಿಗೆ ಹಿಡಿದಿಡುವ ಬ್ರಾಕೆಟ್‌ಗಳ ಬುಡ, ಕ್ಯಾಬಿನ್ ಕೂರುವ ರಬ್ಬರ್ ಬುಶ್‌ಗಳ ಸುತ್ತ, ಬ್ಯಾಟರಿ ತಟ್ಟೆಯ ಕೆಳಗೆ, ಕಾಲ್ಚಾಪೆಯ ಅಡಿ, ಹಿಂಚಕ್ರದ ಹಿಂದಿನ ಅಡ್ಡಪಟ್ಟಿ, ಇವಿಷ್ಟನ್ನು ಎರಡೆರಡು ಸಲ ನೋಡಬೇಕು.

ಸುಣ್ಣದ ಗುರುತು ಚಾಸಿಯ ಮುಖ್ಯ ಪಟ್ಟಿಯಲ್ಲೇ ಉದ್ದಕ್ಕೂ ಬಿದ್ದಿದ್ದರೆ ಅಲ್ಲಿಗೇ ನಿಲ್ಲಿಸಿ ಯೋಚಿಸುವುದು ಮೇಲು. ಅಂಥ ಗಾಡಿಗೆ ಸುರಿಯುವ ಹಣದಲ್ಲಿ ಗಟ್ಟಿ ಚಾಸಿಯ ಇನ್ನೊಂದು ಗಾಡಿ ಸಿಗುತ್ತದೆ. ಅಲ್ಲಲ್ಲಿ ಮಾತ್ರ ಇದ್ದರೆ ಪ್ಯಾಚ್ ಹಾಕಿಸಬಹುದು. ಆದರೆ ಚಾಸಿಯ ವೆಲ್ಡಿಂಗ್ ಹೊಸಬರು ಕಲಿಯುವ ಜಾಗವಲ್ಲ. ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶಗಳ ಸುತ್ತಮುತ್ತ ಲಾರಿ ಚಾಸಿಯ ಕೆಲಸ ಬಲ್ಲವರನ್ನು ವಿಚಾರಿಸಿ, ಅವರಿಂದಲೇ ಮಾಡಿಸಿ. ನೀವು ಮಾಡಬೇಕಾದ್ದು ಇಷ್ಟು: ಕೊಳೆತ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆಯುವಂತೆ ಹೇಳುವುದು, ಪ್ಯಾಚಿನ ತಗಡು ಚಾಸಿಯಷ್ಟೇ ದಪ್ಪವಿರುವಂತೆ ನೋಡುವುದು, ಅದರ ಮೂಲೆಗಳನ್ನು ದುಂಡಾಗಿಸುವುದು, ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ತಂತಿಗಳನ್ನೂ ಡೀಸೆಲ್ ಟ್ಯಾಂಕನ್ನೂ ಬಿಚ್ಚಿಡುವುದು. ತುಕ್ಕಿನ ಮೇಲೆಯೇ ತಗಡು ಹೊದಿಸಿ ಸುತ್ತ ವೆಲ್ಡ್ ಮಾಡಿದರೆ ನಡುವೆ ಸಿಕ್ಕಿದ ತೇವ ಹೊಸ ತಗಡನ್ನೂ ತಿನ್ನುತ್ತದೆ.

ಗಟ್ಟಿ ಉಳಿದ ಕಬ್ಬಿಣಕ್ಕೆ ತಂತಿ ಬ್ರಷ್ಷಿನ ಚಕ್ರ, ಕನ್ನಡಕ, ಮುಖಕ್ಕೆ ಒಳ್ಳೆಯ ಮಾಸ್ಕ್. ಸಡಿಲ ತುಕ್ಕು ಹೋದ ಮೇಲೆ ಗುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲ ಇರುವ ತುಕ್ಕು ನಿವಾರಕ ಹಚ್ಚಬೇಕು. ಅದು ತುಕ್ಕನ್ನು ಗಟ್ಟಿಯಾದ ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡಿಸುತ್ತದೆ. ಡಬ್ಬಿಯ ಮೇಲಿನ ಸೂಚನೆಯಂತೆ ತೊಳೆದು ಒಣಗಿಸಿ, ಅಂದೇ ಎಪಾಕ್ಸಿ ಪ್ರೈಮರಿನ ಮೊದಲ ಕೋಟು ಹಾಕಿ. ರೆಡ್ ಆಕ್ಸೈಡ್ ಅಗ್ಗವೆಂಬುದು ನಿಜ, ಗೇಟಿಗೂ ಗ್ರಿಲ್ಲಿಗೂ ಅದು ಸಾಕು. ಆದರೆ ಕಡಲ ಹತ್ತಿರದ ಚಾಸಿಗೆ ಎಪಾಕ್ಸಿಯೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮೂರಿನ ಗೇರುಬೀಜದ ಸಿಪ್ಪೆಯ ಎಣ್ಣೆಗೂ ಈ ಕೆಲಸಕ್ಕೂ ನಂಟಿದೆ ಎಂದು ತಿಳಿದಾಗ ಅಪ್ಪನಿಗೆ ಬಹಳ ಸಂತೋಷವಾಯಿತು: ಹಡಗುಗಳಿಗೆ ಬಳಿಯುವ ಹಲವು ಎಪಾಕ್ಸಿ ಬಣ್ಣಗಳ ಗಟ್ಟಿಕಾರಕವನ್ನು ಆ ಎಣ್ಣೆಯಲ್ಲಿರುವ ಕಾರ್ಡನಾಲಿನಿಂದಲೇ ತಯಾರಿಸುತ್ತಾರೆ.

ಚಾಸಿಯ ಒಳಭಾಗಕ್ಕೆ ಬ್ರಷ್ ಹೋಗುವುದಿಲ್ಲ. ಅಲ್ಲಿಗೆ ಉದ್ದ ನಳಿಕೆಯ ಮೂಲಕ ತುಕ್ಕು ತಡೆಯುವ ಮೇಣವನ್ನು ಸಿಂಪಡಿಸಬೇಕು. ಅದಕ್ಕೂ ಮೊದಲು ಕೆಳಗಿನ ನೀರಿಳಿಯುವ ತೂತುಗಳಲ್ಲಿ ಕೂತ ಮಣ್ಣನ್ನು ತಂತಿ ಹಾಕಿ ತೆಗೆಯಬೇಕು. ಆ ತೂತುಗಳು ಕಟ್ಟಿದರೆ ಉಳಿದದ್ದೆಲ್ಲ ವ್ಯರ್ಥ. ಹಳೆಯ ಎಂಜಿನ್ ಆಯಿಲ್ ಬಳಿಯುವ ವಾಡಿಕೆಯನ್ನು ಬಿಟ್ಟುಬಿಡಿ. ಅದು ರಬ್ಬರ್ ಬುಶ್‌ಗಳನ್ನು ಹಾಳುಮಾಡುತ್ತದೆ, ಧೂಳನ್ನು ಹಿಡಿಯುತ್ತದೆ, ಮಳೆ ಬಂದಾಗ ತೊಟ್ಟಿಕ್ಕಿ ಬಾವಿಯ ನೀರಿನ ದಾರಿ ಹಿಡಿಯುತ್ತದೆ.

ನಿಲ್ಲುವ ಗಾಡಿ

ಆ ಕಾಲದ ಕೆಲವು ಹಳೆಯ ಗಾಡಿಗಳಲ್ಲಿ ನಾಲ್ಕು ಚಕ್ರಕ್ಕೂ ಬ್ರೇಕ್ ಆಯಿಲ್ ಹರಿಯುವುದು ಒಂದೇ ದಾರಿಯಲ್ಲಿ. ಒಂದು ಹೋಸ್ ಒಡೆದರೆ ನಾಲ್ಕೂ ಬ್ರೇಕು ಹೋದಂತೆ. ಆದ್ದರಿಂದ ಇಲ್ಲಿ ಉಳಿತಾಯ ಮಾಡಬಾರದು. ರಬ್ಬರ್ ಹೋಸುಗಳನ್ನು ನೋಡಲು ಎಷ್ಟೇ ಚೆನ್ನಾಗಿದ್ದರೂ ಬದಲಿಸಿ. ತುಕ್ಕು ಹಿಡಿದ ಉಕ್ಕಿನ ಪೈಪುಗಳನ್ನು ಬದಲಿಸಿ. ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ, ವೀಲ್ ಸಿಲಿಂಡರುಗಳ ಒಳಗೋಡೆಯಲ್ಲಿ ಬೆರಳುಗುರಿಗೆ ತಾಗುವಷ್ಟು ಗುಳಿ ಇದ್ದರೆ ಹೊಸ ರಬ್ಬರುಗಳ ಕಿಟ್ ಹಾಕಿ ಪ್ರಯೋಜನವಿಲ್ಲ. ಇಡೀ ಸಿಲಿಂಡರನ್ನೇ ಹೊಸದಾಗಿ ಹಾಕಬೇಕು. ಡ್ರಮ್ಮಿನಲ್ಲಿ ಗೆರೆ ಬಿದ್ದಿದ್ದರೆ ಲೇತಿನಲ್ಲಿ ಹಾಕಿಸಿ ನಯ ಮಾಡಿಸಬಹುದು, ಆದರೆ ಕಂಪೆನಿ ಹೇಳಿದ ಮಿತಿಯನ್ನು ಮೀರುವಂತಿಲ್ಲ. ಡ್ರಮ್ಮಿಗೆ ಒತ್ತಿ ಗಾಡಿ ನಿಲ್ಲಿಸುವ ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇರುವುದರಿಂದ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು. ನೀರು ಚಿಮುಕಿಸಿ, ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಹವೆಯಲ್ಲಿ ತೆರೆದಿಟ್ಟ ಡಬ್ಬಿ ಬೇಗ ಕೆಡುತ್ತದೆಯಾದ್ದರಿಂದ ಯಾವಾಗಲೂ ಹೊಸ ಡಬ್ಬಿಯನ್ನೇ ಬಳಸಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಎಂಜಿನ್ ಆಯಿಲಿನ ಒಂದು ಹನಿಯೂ ಅದಕ್ಕೆ ಸೇರಬಾರದು. ಸೇರಿದರೆ ಒಳಗಿನ ರಬ್ಬರುಗಳು ಉಬ್ಬಿ ಬ್ರೇಕು ಹಿಡಿದುಕೊಳ್ಳುತ್ತದೆ.

ಬ್ರೇಕಿನ ಪೈಪುಗಳಲ್ಲಿ ಸೇರಿದ ಗಾಳಿ ತೆಗೆಯುವ ಕೆಲಸ ಇಬ್ಬರಿಗೆಂದೇ ಮಾಡಿಟ್ಟಂತಿದೆ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸಬೇಕು. ನಮ್ಮ ಬಲಬದಿ ಸ್ಟೀರಿಂಗಿನ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ ಹಿಂದಿನ ಎಡ ಚಕ್ರ. ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಅಪ್ಪ ಸೀಟಿನಲ್ಲಿ ಕೂತು ಪೆಡಲನ್ನು ನಿಧಾನವಾಗಿ ಕೆಲವು ಸಲ ಒತ್ತಿ ಹಿಡಿಯುತ್ತಾರೆ, “ಹಿಡಿದಿದ್ದೇನೆ” ಎನ್ನುತ್ತಾರೆ. ಕೆಳಗಿರುವವರು ಚಕ್ರದ ಹಿಂದಿನ, ಗಾಳಿ ಬಿಡುವ ನಿಪ್ಪಲನ್ನು ಕಾಲು ಸುತ್ತು ಬಿಚ್ಚುತ್ತಾರೆ. ನಿಪ್ಪಲಿಗೆ ಹಾಕಿದ ಪಾರದರ್ಶಕ ಕೊಳವೆಯಲ್ಲಿ ಗುಳ್ಳೆಗಳೊಂದಿಗೆ ಆಯಿಲ್ ಬಾಟಲಿಗೆ ಇಳಿಯುತ್ತದೆ, ಪೆಡಲ್ ಅಪ್ಪನ ಕಾಲಡಿಯಲ್ಲಿ ಕುಸಿಯುತ್ತದೆ. ಕುಸಿದ ಪೆಡಲನ್ನು ಅವರು ಹಾಗೆಯೇ ಹಿಡಿದಿರಬೇಕು. ನಿಪ್ಪಲ್ ಮುಚ್ಚಿ “ಬಿಡಿ ಅಪ್ಪ” ಎಂದ ಮೇಲಷ್ಟೇ ಕಾಲು ಎತ್ತಬೇಕು. ಮುಂಚೆಯೇ ಎತ್ತಿದರೆ ಹೊರಗೆ ಹೋದ ಗಾಳಿ ಮರಳಿ ಒಳಗೆ ಬರುತ್ತದೆ. ಇಬ್ಬರೂ ಒಬ್ಬರ ಮಾತನ್ನು ಒಬ್ಬರು ಕಾದು ಕೇಳುವುದೇ ಇಲ್ಲಿನ ಕೌಶಲ. ಮೇಲಿನ ಡಬ್ಬಿಯಲ್ಲಿ ಆಯಿಲ್ ತಳ ಮುಟ್ಟದಂತೆ ಆಗಾಗ ತುಂಬುತ್ತಿರಬೇಕು. ಮುಗಿದ ಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿ ನಿಲ್ಲಬೇಕು, ಒತ್ತಿ ಹಿಡಿದಾಗ ಮೆಲ್ಲನೆ ಇಳಿಯಬಾರದು.

ಸ್ಟೀರಿಂಗಿನ ಕೀಲುಗಳಾದ ಟೈ ರಾಡ್ ಎಂಡುಗಳು, ಮುಂಚಕ್ರ ತಿರುಗಲು ಆಧಾರವಾದ ಕಿಂಗ್ ಪಿನ್, ಚಕ್ರದ ಬೇರಿಂಗುಗಳನ್ನು ಇದೇ ಹೊತ್ತಿಗೆ ನೋಡಿಬಿಡಿ. ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಸಡಿಲ ಕಂಡರೆ ಬೇರಿಂಗ್ ಅಥವಾ ಕಿಂಗ್ ಪಿನ್. ಎಡಬಲ ಹಿಡಿದು ಅಲುಗಿಸಿದಾಗ ಮಾತ್ರ ಕಂಡರೆ ಸ್ಟೀರಿಂಗಿನ ಜಾಯಿಂಟು. ಟೈರಿನ ಬದಿಯಲ್ಲಿರುವ ನಾಲ್ಕು ಅಂಕೆಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಎಂದಿದ್ದರೆ ಅದು 2014ರ 23ನೆಯ ವಾರದ್ದು. ಟೈರಿನ ಮೇಲ್ಮೈಯ ಗೆರೆಗಳು ಎಷ್ಟೇ ಆಳವಿದ್ದರೂ ಅಷ್ಟು ಹಳೆಯ ರಬ್ಬರನ್ನು ನಂಬಬಾರದು.

ಎಂಜಿನ್

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಹೊಸ ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸುವ ಆತುರವನ್ನು ಇಬ್ಬರೂ ತಡೆದುಕೊಳ್ಳಬೇಕು. ಮೊದಲು ಆಯಿಲ್ ಕಡ್ಡಿ ನೋಡಿ. ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚದೆ ಮುಂದಿನ ಮಾತಿಲ್ಲ. ಸರಿಯಿದ್ದರೂ ಹಳೆಯ ಆಯಿಲನ್ನೂ ಫಿಲ್ಟರನ್ನೂ ಬದಲಿಸಿ. ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು, ಒಂದು ದಿನ ಕಾದು, ಎಂಜಿನ್ನನ್ನು ಸ್ಪ್ಯಾನರಿನಿಂದ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಿ. ಎಲ್ಲಿಯೂ ಅಡ್ಡಿಯಿಲ್ಲದೆ ತಿರುಗಿದರೆ ಅರ್ಧ ಗೆದ್ದಂತೆ. ಬಿಚ್ಚಿದ ಇಂಜೆಕ್ಟರುಗಳನ್ನು ಡೀಸೆಲ್ ಪಂಪಿನ ಕೆಲಸದವರಲ್ಲಿ ಕೊಟ್ಟು ಒತ್ತಡ ಮತ್ತು ಸಿಂಪರಣೆ ಪರೀಕ್ಷೆ ಮಾಡಿಸಿ. ಪಂಪನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ.

ಟ್ಯಾಂಕಿನ ಹಳೆಯ ಡೀಸೆಲನ್ನು ಪೂರ್ತಿ ಇಳಿಸಿದರೆ ತಳದಲ್ಲಿ ನೀರು, ತುಕ್ಕಿನ ಕೆಸರು ಕಾಣುತ್ತದೆ. ಟ್ಯಾಂಕ್ ತೊಳೆದು, ಎರಡೂ ಡೀಸೆಲ್ ಫಿಲ್ಟರ್ ಬದಲಿಸಿ, ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈ ಪಂಪನ್ನು ಒತ್ತುತ್ತ ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೂ ಗಾಳಿ ತೆಗೆಯಿರಿ. ಇಂಜೆಕ್ಟರಿನ ಪೈಪುಗಳ ಗಾಳಿಯನ್ನು ನಟ್ಟು ಸಡಿಲಿಸಿ ಸೆಲ್ಫ್ ಹೊಡೆದು ತೆಗೆಯಬೇಕಾಗುತ್ತದೆ. ಆಗ ಆ ಜಾಗದ ಹತ್ತಿರ ಕೈಯಾಗಲಿ ಮುಖವಾಗಲಿ ಹೋಗಬಾರದು. ನೂರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ. ಹಾಗಾದರೆ ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಗಾಡಿಯಲ್ಲಿ ಯಾವ ಎಂಜಿನ್ ಇದೆ ಎಂಬುದನ್ನು ಅರಿತಿರಬೇಕು. ಹಳೆಯ ಮಹೀಂದ್ರ ಗಾಡಿಗಳ 2112 ಸಿಸಿಯ ಪ್ಯೂಜೊ ಎಂಜಿನ್ನಿಗೆ ಒಳಗಿನ ಗಾಳಿಯನ್ನು ಮೊದಲೇ ಕಾಯಿಸುವ ಹೀಟರ್ ಪ್ಲಗ್ ಬೇಕು; ಅದು ಕೆಟ್ಟಿದ್ದರೆ ಬೆಳಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಎಂಜಿನ್ ಹಿಡಿಯುವುದಿಲ್ಲ. 2523 ಸಿಸಿಯ ಡಿಐ, ಅಂದರೆ ಡೀಸೆಲ್ ನೇರವಾಗಿ ಸಿಲಿಂಡರಿಗೆ ಬೀಳುವ, ಎಂಜಿನ್ನಿಗೆ ಆ ಗೊಡವೆಯಿಲ್ಲ. ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ನಿಲ್ಲಿಸುವ ಸ್ಟಾಪ್ ನಾಬಿನ ತಂತಿ ಸಲೀಸಾಗಿ ಓಡುತ್ತದೆಯೇ ಎಂದು ಎಳೆದು ನೋಡಿ, ಏಕೆಂದರೆ ಈ ಬಗೆಯ ಹಲವು ಎಂಜಿನ್ನುಗಳು ಕೀಲಿ ತೆಗೆದ ಮಾತ್ರಕ್ಕೆ ನಿಲ್ಲುವುದಿಲ್ಲ. ಎಂಜಿನ್ ಹತೋಟಿ ತಪ್ಪಿ ವೇಗ ಏರಿದರೆ ಗಾಳಿಯ ಬಾಯಿಗೆ ಒತ್ತಿ ಹಿಡಿಯಲು ಒಂದು ದಪ್ಪ ಹಲಗೆಯ ತುಂಡನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ. ಅಂಗೈ ಅಡ್ಡ ಹಿಡಿಯುವ ಸಾಹಸ ಖಂಡಿತ ಬೇಡ. ಸೆಲ್ಫನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಒಮ್ಮೆಗೇ ಹೊಡೆಯದೆ, ನಡುವೆ ಅರ್ಧ ನಿಮಿಷವಾದರೂ ತಣಿಯಲು ಬಿಡಿ.

ಎಂಜಿನ್ ಹಿಡಿದ ಮೇಲೆ ಹೊಗೆಯ ಬಣ್ಣ ಬಹಳಷ್ಟನ್ನು ಹೇಳುತ್ತದೆ. ಆರಂಭದ ಬಿಳಿ ಹೊಗೆ ಬಿಸಿಯಾದಂತೆ ಕಡಿಮೆಯಾದರೆ ಚಿಂತೆಯಿಲ್ಲ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆಗೆ ಮೊದಲು ಏರ್ ಫಿಲ್ಟರ್ ನೋಡಿ, ಆಮೇಲೆ ಇಂಜೆಕ್ಟರ್. ರೇಡಿಯೇಟರಿಗೆ ಬಾವಿ ನೀರು ಹಾಕುವ ಅಭ್ಯಾಸವನ್ನು ಬಿಡಿ. ಕಡಲಿಗೂ ನದೀಮುಖಕ್ಕೂ ಹತ್ತಿರದ ಬಾವಿಗಳ ನೀರು ಬೇಸಗೆಯಲ್ಲಿ ಉಪ್ಪಾಗುತ್ತದೆ, ಆ ಉಪ್ಪು ಎಂಜಿನ್ನಿನ ನೀರಿನ ದಾರಿಗಳನ್ನು ತಿನ್ನುತ್ತದೆ. ಡಿಸ್ಟಿಲ್ಡ್ ನೀರಿಗೆ ಕೂಲಂಟ್ ಬೆರೆಸಿ ಹಾಕಿ.

ವಯರಿಂಗ್ ಬಗ್ಗೆ ಹೇಳಬೇಕಾದ್ದು ಕಡಿಮೆ. ಹೆಡ್‌ಲೈಟ್ ಮಂಕಾಗಿದ್ದರೆ, ಹಾರ್ನ್ ಒಮ್ಮೆ ಆಗಿ ಒಮ್ಮೆ ಆಗದಿದ್ದರೆ, ಕಾರಣ ಹೆಚ್ಚಾಗಿ ಅರ್ಥಿಂಗ್ ತಂತಿ ಬಾಡಿಗೆ ಸೇರುವ ಜಾಗದ ತುಕ್ಕು. ಆ ಜಾಗಗಳನ್ನೆಲ್ಲ ಹೊಳೆಯುವಷ್ಟು ಉಜ್ಜಿ, ಬಿಗಿದು, ಮೇಲೆ ವ್ಯಾಸಲಿನ್ ಹಚ್ಚಿ. ಇಲಿ ಕಡಿದ ತಂತಿಗೆ ಟೇಪು ಸುತ್ತದೆ ಹೊಸ ತಂತಿಯನ್ನೇ ಹಾಕಿ.

ಬಾಡಿ ಮತ್ತು ಬಣ್ಣ

ತಗಡಿನ ಕೆಲಸವನ್ನು ಟಿಂಕರಿಂಗ್ ಬಲ್ಲವರಿಗೆ ಕೊಟ್ಟು, ಪುಟ್ಟಿ ಆದಷ್ಟು ತೆಳ್ಳಗಿರಲಿ ಎಂದು ಕೇಳಿಕೊಳ್ಳಿ. ತೂತಾದ ತಗಡಿನ ಮೇಲೆ ಪುಟ್ಟಿ ತುಂಬಿದರೆ ಅದು ನೀರನ್ನು ಹೀರಿಕೊಂಡು ಮುಂದಿನ ಮಳೆಗಾಲದಲ್ಲಿ ಚಕ್ಕೆಯಾಗಿ ಎದ್ದು ಬರುತ್ತದೆ. ಹಿಂಬದಿಯ ಬಾಡಿಯ ನೆಲ ಮರದ ಹಲಗೆಯದಾಗಿದ್ದರೆ ಅದನ್ನು ಹೊಸದಾಗಿ ಮಾಡಿಸುವ ಕೆಲಸವನ್ನು ನೀವಿಬ್ಬರೇ ಮಾಡಬಹುದು. ಕಿರಾಲ್‌ಬೋಗಿಯಂಥ ಗಟ್ಟಿಮರದ ಹಳೆಯ ಹಲಗೆಗಳು ಸಿಕ್ಕರೆ ಬಿಡಬೇಡಿ; ಊರಿನ ಮರದ ಗುಣ ಅಪ್ಪನಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹಲಗೆಗಳ ನಡುವೆ ನೀರಿಳಿಯಲು ಸಣ್ಣ ಸಂದು ಬಿಡಿ, ಕಬ್ಬಿಣ ಮತ್ತು ಮರದ ನಡುವೆ ರಬ್ಬರ್ ಪಟ್ಟಿ ಇಡಿ. ಹಲಗೆಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವ ಹಳೆಯ ಪದ್ಧತಿ ಒಳ್ಳೆಯದೇ, ಆದರೆ ಅದು ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಉದ್ದ ಕೈಗವಸು ಹಾಕಿಕೊಳ್ಳಬೇಕು.

ಬಣ್ಣಕ್ಕೆ ಡಿಸೆಂಬರಿನಿಂದ ಫೆಬ್ರವರಿವರೆಗಿನ ಒಣ ದಿನಗಳು ಶ್ರೇಷ್ಠ. ತಗಡಿನ ಉಷ್ಣತೆ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿಯಾದರೂ ಮೇಲಿರಬೇಕು, ಗಾಳಿಯ ತೇವಾಂಶ ಶೇಕಡಾ 85ಕ್ಕಿಂತ ಕೆಳಗಿರಬೇಕು. ಕರಾವಳಿಯಲ್ಲಿ ಇವೆರಡೂ ಕೂಡಿಬರುವುದು ಬೆಳಗ್ಗೆ ಹತ್ತರ ನಂತರ, ಸಂಜೆಯ ಕಡಲ ಗಾಳಿಯ ತೇವ ಏರುವ ಮೊದಲು. ಪ್ರೈಮರನ್ನು ನೀವೇ ಹಾಕಬಹುದು. ಮೇಲಿನ ಪಿಯು (ಪಾಲಿಯುರಿಥೇನ್) ಬಣ್ಣವನ್ನು ಮಾತ್ರ ಬೂತ್ ಇರುವ ಪೇಂಟರಿಗೇ ಬಿಡಿ. ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟು ಉಸಿರಾಟದ ಕಾಯಿಲೆ ತರಬಲ್ಲದು, ಬಟ್ಟೆಯ ಮಾಸ್ಕು ಅದನ್ನು ತಡೆಯುವುದಿಲ್ಲ.

ರಸ್ತೆಗೆ

ನೋಂದಣಿ ಅಥವಾ ಫಿಟ್‌ನೆಸ್, ವಿಮೆ, ಹೊಗೆ ಪರೀಕ್ಷೆಯ ಪತ್ರ, ಇಷ್ಟೂ ಕೈಯಲ್ಲಿದ್ದ ಮೇಲೆ ಮೊದಲ ಓಟಕ್ಕೆ ಗಾಡಿಗಳ ಸಂಚಾರ ಕಡಿಮೆಯಿರುವ ಸಮತಟ್ಟು ಒಳರಸ್ತೆಯನ್ನು ಆರಿಸಿಕೊಳ್ಳಿ. ಹೆದ್ದಾರಿ 66 ಆಮೇಲೆ. ಆಗುಂಬೆ, ಶಿರಾಡಿ, ಚಾರ್ಮಾಡಿ ಘಾಟಿಗಳು ಅದಕ್ಕೂ ಆಮೇಲೆ, ಏಕೆಂದರೆ ಹೊಸ ಲೈನರುಗಳು ಡ್ರಮ್ಮಿಗೆ ಹೊಂದಿಕೊಳ್ಳುವವರೆಗೆ ಉದ್ದನೆಯ ಇಳಿಜಾರಿನಲ್ಲಿ ಅವನ್ನು ನಂಬುವಂತಿಲ್ಲ. ಸ್ಟೀರಿಂಗ್ ಅಪ್ಪನ ಕೈಯಲ್ಲಿರಲಿ, ಅವರ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ. ಗೇರಿನ ಸದ್ದು, ಕ್ಲಚ್ ಹಿಡಿಯುವ ಜಾಗ, ಗಾಡಿ ಯಾವ ಕಡೆಗೆ ಎಳೆಯುತ್ತದೆ ಎಂಬುದು ಅವರ ಕೈಕಾಲಿಗೆ ಗೊತ್ತಿರುವಷ್ಟು ನಿಮಗೆ ಗೊತ್ತಿರುವುದಿಲ್ಲ. ಅವರು ಹೇಳಿದ್ದನ್ನೆಲ್ಲ ನೀವು ಪುಸ್ತಕದಲ್ಲಿ ಬರೆದುಕೊಳ್ಳುತ್ತ ಹೋಗಿ. ಮರಳಿ ಬಂದೊಡನೆ ನಾಲ್ಕೂ ಡ್ರಮ್ಮುಗಳ ಹತ್ತಿರ ಕೈ ಒಯ್ದು, ಮುಟ್ಟದೆಯೇ, ಬಿಸಿ ನೋಡಿ. ಒಂದು ಮಾತ್ರ ಉಳಿದವಕ್ಕಿಂತ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ. ಚಕ್ರದ ನಟ್ಟುಗಳನ್ನು ಮೊದಲ 50 ಕಿಲೋಮೀಟರಿನ ನಂತರ, ಪ್ಲೇಟುಗಳನ್ನು ಹಿಡಿದಿಡುವ ಯು ಬೋಲ್ಟುಗಳನ್ನು 500 ಕಿಲೋಮೀಟರಿನ ನಂತರ ಮತ್ತೆ ಬಿಗಿ ಮಾಡಬೇಕು. ಮೇ ಕೊನೆಯಲ್ಲಿ, ಮೊದಲ ಮಳೆ ಬೀಳುವ ಮುಂಚೆ, ಚಾಸಿಯ ತೂತುಗಳಿಗೆ ಇನ್ನೊಮ್ಮೆ ತಂತಿ ಹಾಕಿ, ಪ್ರೈಮರ್ ಕಿತ್ತ ಜಾಗಗಳಿಗೆ ತೇಪೆ ಹಚ್ಚಿ, ಗ್ರೀಸ್ ಗನ್ ಹಿಡಿದು ಎಲ್ಲ ಗ್ರೀಸ್ ನಿಪ್ಪಲುಗಳಿಗೂ ಹಳೆಯ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಹೊಡೆಯಿರಿ.